ಸೀಸವಿಲ್ಲದ ಕಣ್ಣು

"ಇದರಲ್ಲಿ ಸೀಸ ಇಲ್ವಾ?"

ಅಳತೆ ಕೋಣೆಯ ಬಾಗಿಲಲ್ಲಿ ಅವನು ಆಡಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಪರಿಚಯವಿಲ್ಲ!

"ಇಲ್ಲ. ಬೆಳ್ಳಿ, ಬಿಸ್ಮತ್, ಗಂಧಕ. ಅಷ್ಟೇ." ಉಗುರಿನಗಲದ ಗಾಜಿನ ಬಿಲ್ಲೆಯನ್ನು ಅವಳು ಮುಂದೆ ಹಿಡಿದಳು. ಅದರ ಮೇಲೆ ಕಾಫಿ ಬಣ್ಣದ ತೆಳುಪದರ.

"ಹಾಗಾದ್ರೆ ಇದಕ್ಕೆ ಬೆಳಕು ಕಾಣಲ್ಲ ಬಿಡಿ."

"ಅಳೆಯೋಕೆ ಮುಂಚೆನೇ ತೀರ್ಪು ಕೊಡೋದಾದ್ರೆ ಇಷ್ಟು ದೊಡ್ಡ ಯಂತ್ರ ಯಾಕೆ ಇಟ್ಕೊಂಡಿದ್ದೀರಿ?"

ಅವನು ಆಗ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ. ಒಂದು ಕ್ಷಣ... ಎರಡು ಕ್ಷಣ...

"ಮಾತು ನ್ಯಾಯವಾಗಿದೆ. ಕೊಡಿ."

ಬಿಲ್ಲೆ ಕೈ ಬದಲಿಸುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಗ್ಲೌಸ್ ಹಾಕಿದ್ದರು. ಆದರೂ ಅವಳ ಎದೆ ಯಾಕೆ ಧಸಕ್ಕೆಂದಿತು?

'ಥೂ, ಸೊಕ್ಕಿನ ಮನುಷ್ಯ!' ಎಂದು ತನಗೆ ತಾನೇ ಹೇಳಿಕೊಂಡಳು.

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು 'ಅಳತೆಗಾರ' ಎಂದೇ ಕರೆಯುತ್ತಿದ್ದರು. ಬೆಳಕನ್ನು ಅಳೆಯುವುದು ಅವನ ಕೆಲಸ. ಮಾತನ್ನೂ ಅಳೆದು ತೂಗಿ ಆಡುತ್ತಿದ್ದ. ಅವಳು ಮಾಡುತ್ತಿದ್ದದ್ದು ಕ್ವಾಂಟಮ್ ಡಾಟ್‌ಗಳನ್ನು, ಅಂದರೆ ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಹರಳುಗಳನ್ನು. ಅವುಗಳನ್ನು ಗಾಜಿನ ಮೇಲೆ ಹರಡಿದರೆ, ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನೂ ಹಿಡಿಯುತ್ತವೆ. ಉಳಿದವರೆಲ್ಲ, ಅಳತೆಗಾರನೂ ಸೇರಿ, ಆ ಹರಳನ್ನು ಸೀಸದಿಂದ ಮಾಡುತ್ತಿದ್ದರು. ಸೀಸದ್ದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಅದು ವಿಷ.

"ವಿಷ ಮುಚ್ಚಿಟ್ಟ ಡಬ್ಬಿಯೊಳಗೇ ಇರುತ್ತಲ್ಲ, ನಿಮಗ್ಯಾಕೆ ಈ ಹಠ?" ಎಂದು ಅವನು ಒಮ್ಮೆ ಕೇಳಿದ್ದ.

"ಡಬ್ಬಿ ತೊಳೆಯೋರು ಯಾರು?" ಎಂದಳು ಅವಳು. "ನಮ್ಮಮ್ಮ ಇಪ್ಪತ್ತೆರಡು ವರ್ಷ ಇಂಥದ್ದೇ ಒಂದು ಲ್ಯಾಬಲ್ಲಿ ಗಾಜಿನ ಸಾಮಾನು ತೊಳೆದವಳು. ಒಳಗೆ ಏನಿತ್ತು ಅಂತ ಒಬ್ಬರೂ ಅವಳಿಗೆ ಹೇಳಲಿಲ್ಲ."

ಮರುದಿನದಿಂದ ಅವಳ ಬಿಲ್ಲೆಗಳಿಗೇ ಬೆಳಗಿನ ಮೊದಲ ಸರದಿ ಸಿಗತೊಡಗಿತು. ಅವಳು ಬರುವಷ್ಟರಲ್ಲಿ ದೀಪ ಬಿಸಿಯಾಗಿರುತ್ತಿತ್ತು, ಅವಳಿಗೊಂದು ಕುರ್ಚಿಯೂ ಕಾದಿರುತ್ತಿತ್ತು. ಯಂತ್ರದ ತೆರೆಯ ಮೇಲೆ ಅಳತೆಯ ಗೆರೆ ಏರಿದರೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಬಿದ್ದರೆ ಒಟ್ಟಿಗೆ ಪೆಚ್ಚಾಗುತ್ತಿದ್ದರು. 'ಇವನಿಲ್ಲದ ಬೆಳಗು ಹೇಗಿರುತ್ತೆ?' ಎಂಬ ಯೋಚನೆ ಬಂದ ದಿನ ಅವಳಿಗೇ ಗಾಬರಿಯಾಯಿತು!

ಒಂದು ದಿನ ಗೆರೆ ಜಿಗಿಯಿತು. ಸೀಸದ ಹರಳನ್ನೂ ಮೀರಿದ ಫಲಿತಾಂಶ!

ಆ ವಾರವೇ ಎಲ್ಲ ವಿಭಾಗಗಳವರೂ ಸೇರುವ ಸಭೆ ಇತ್ತು. ಅವಳು ಎದ್ದು ನಿಂತು, ತನ್ನ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸಿದಳು. ಪ್ರಯೋಗಾಲಯದ ಮುಖ್ಯಸ್ಥೆ ಚಪ್ಪಾಳೆಗೆ ಕೈ ಎತ್ತಿದ್ದರು, ಅಷ್ಟರಲ್ಲಿ...

"ಆ ಸಂಖ್ಯೆ ತಪ್ಪು."

ಅವನೇ. ಅಳತೆಗಾರ.

"ದೀಪದ ಫಿಲ್ಟರಿನಲ್ಲಿ ಸಣ್ಣ ಬಿರುಕಿದೆ. ಕಣ್ಣಿಗೆ ಕಾಣುವ ಮಾಮೂಲಿ ಬೆಳಕೂ ಒಳಗೆ ಸೋರಿದೆ. ನಿಜವಾದ ಅಳತೆ ಇದರ ಕಾಲು ಭಾಗವೂ ಇಲ್ಲ."

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಅಷ್ಟು ಜನರ ಎದುರು! ಜೊತೆಗೆ ಕೂತು ನಕ್ಕವನೇ!

'ಇವನದ್ದು ಮೊದಲಿನಿಂದಲೂ ಸೀಸದ ಕೆಲಸ. ನಾನು ಸೋಲೋದೇ ಇವನಿಗೆ ಬೇಕಿತ್ತು...'

ಅವನ ಹತ್ತು ಮೆಸೇಜುಗಳಲ್ಲಿ ಅವಳು ಒಂದಕ್ಕೂ ಉತ್ತರಿಸಲಿಲ್ಲ. ಅಳತೆ ಕೋಣೆಯ ಕಡೆ ತಲೆಯನ್ನೂ ಹಾಕಲಿಲ್ಲ. ತನ್ನ ಮೇಜಿನಲ್ಲೇ ಕೂತು ಹರಳು ಬೇಯಿಸಿದಳು, ಚೆಲ್ಲಿದಳು, ಮತ್ತೆ ಬೇಯಿಸಿದಳು.

ಆರು ವಾರ ಮಗಳ ಮುಖ ನೋಡಿ ಸಾಕಾದ ಅಮ್ಮ ಒಂದು ಭಾನುವಾರ ಕೇಳಿಯೇ ಬಿಟ್ಟಳು.

"ಅವನು ಹೇಳಿದ್ದು ಸುಳ್ಳಾ?"

"...ಸುಳ್ಳಲ್ಲ."

"ಮತ್ತೆ? ಮೂಗು ಸೊಟ್ಟಗಿದ್ರೆ ಕನ್ನಡಿ ಒಡೀತಾರೇನೇ?"

"ಅಮ್ಮಾ! ನೀನು ಯಾರ ಕಡೆ?"

"ನಿನ್ನ ಕಡೇನೇ ಕಣೇ. ಅದಕ್ಕೇ ಕೇಳ್ತಿದ್ದೀನಿ."

ಸೋಮವಾರ ಬೆಳಿಗ್ಗೆ ಅವಳು ಅಳತೆ ಕೋಣೆಯ ಬಾಗಿಲು ತಳ್ಳಿದಳು. ಅವನಿರಲಿಲ್ಲ. ದೀಪ ಉರಿಯುತ್ತಿತ್ತು. ಅದರ ಕೆಳಗಿದ್ದದ್ದು... ಅವಳದೇ ಬಿಲ್ಲೆ! ಸಭೆಯ ದಿನ ಅವಳು ಬಿಟ್ಟುಹೋದದ್ದು. ಪಕ್ಕದ ಪುಸ್ತಕದಲ್ಲಿ ಪ್ರತಿದಿನದ ಅಳತೆ, ಅವನ ದುಂಡನೆಯ ಅಕ್ಷರದಲ್ಲಿ. ನಲವತ್ತೆರಡು ದಿನ. ಅವನ ಸೀಸದ ಬಿಲ್ಲೆಗಳು 'ಮಂಕಾಗಿದೆ' ಎಂಬ ಚೀಟಿ ಅಂಟಿಸಿಕೊಂಡು ಕಪಾಟು ಸೇರಿದ್ದವು.

"ಹಾಳಾಗಿದ್ರೆ ಎತ್ತಿಡ್ತಿದ್ದೆ," ಹಿಂದಿನಿಂದ ಧ್ವನಿ ಬಂತು. "ಹಾಳಾಗಲೇ ಇಲ್ಲ. ಸೀಸದ್ದು ಗಾಳಿಗೆ ಎರಡೇ ವಾರದಲ್ಲಿ ಮಂಕಾಗುತ್ತೆ. ನಿಮ್ಮದು ಮೊದಲ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ. ನಿಮ್ಮ ನಿಜವಾದ ಗೆಲುವು ಇಲ್ಲಿದೆ!"

ಅವಳು ಪುಸ್ತಕ ಮುಚ್ಚಿ ಅವನತ್ತ ತಿರುಗಿದಳು.

"ಸಭೆಗೆ ಮುಂಚೆ ನನಗೊಬ್ಬಳಿಗೇ ಹೇಳಬಹುದಿತ್ತಲ್ಲ?"

"ಬಿರುಕು ಕಂಡಿದ್ದೇ ಹತ್ತು ನಿಮಿಷ ಮುಂಚೆ. ಓಡಿ ಬಂದೆ. ನೀವು ಫೋನಲ್ಲಿ 'ಗೆದ್ದೆ ಅಮ್ಮಾ' ಅಂತ ಹೇಳ್ತಿದ್ರಿ... ನನಗೆ ಬಾಯಿ ಬರಲಿಲ್ಲ." ಅವನು ತಲೆ ತಗ್ಗಿಸಿದ. "ಅದು ನನ್ನ ತಪ್ಪು. ಆದ್ರೆ ಸುಮ್ಮನಿದ್ದಿದ್ರೆ ನಾಳೆ ಹೊರಗಿನವರು ಯಾರೋ ಅದನ್ನ ಹಿಡೀತಿದ್ರು. ನಿಮ್ಮನ್ನ ಸುಳ್ಳಿ ಅಂತಿದ್ರು. ಅದನ್ನ ನಾನು ಹೇಗೆ ಕೇಳಲಿ?"

ಅವಳಿಗೆ ಅಳುವೂ ಬಂತು, ನಗುವೂ ಬಂತು. ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತಳು.

"ಸರಿ. ಬೆಳಕು ಹಿಡಿಯೋದು ಯಾಕೆ ಕಮ್ಮಿ, ಅದನ್ನ ಹುಡುಕೋಣ."

ಹುಡುಕಲು ಐದು ತಿಂಗಳು ಹಿಡಿಯಿತು. ಹರಳಿನ ಸುತ್ತ ಎಣ್ಣೆಯಂಥ ಉದ್ದನೆಯ ಅಣುಗಳ ಹೊದಿಕೆ ಇತ್ತು. ಒಳಗೆ ಹುಟ್ಟಿದ ವಿದ್ಯುತ್ತು ಅದನ್ನು ದಾಟಿ ಹೊರಬರುತ್ತಿರಲಿಲ್ಲ. ಅವಳು ಆ ಹೊದಿಕೆಯನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸಿ, ಗಿಡ್ಡ ಅಣುಗಳದ್ದೊಂದನ್ನು ಹೊದಿಸಿದಳು. ಈ ಸಲ ಗೆರೆ ಏರಿದಾಗ ಇಬ್ಬರೂ ನಗಲಿಲ್ಲ. ಫಿಲ್ಟರ್ ಬದಲಿಸಿದರು, ದೀಪ ಬದಲಿಸಿದರು, ಹನ್ನೊಂದು ಸಲ ಅಳೆದರು. ಗೆರೆ ಕೆಳಗಿಳಿಯಲಿಲ್ಲ!

ಆ ಪದರದ ಸಾವಿರಾರು ಚುಕ್ಕಿಗಳನ್ನು ಸೇರಿಸಿ ಒಂದು ಪುಟ್ಟ ಕ್ಯಾಮೆರಾ ಆಯಿತು. ಅದನ್ನು ತೋರಿಸುವ ದಿನ ಸಭಾಂಗಣ ತುಂಬಿತ್ತು. ಅಮ್ಮ ಮೊದಲ ಸಾಲಿನಲ್ಲಿ ಕೂತಿದ್ದಳು. ಮುಖ್ಯಸ್ಥೆ ತಮ್ಮ ಅಂಗೈಯನ್ನು ಕ್ಯಾಮೆರಾದ ಮುಂದೆ ಹಿಡಿದರು. ತೆರೆಯ ಮೇಲೆ ಚರ್ಮದಡಿಯ ರಕ್ತನಾಳಗಳೆಲ್ಲ ನದಿಗಳ ನಕ್ಷೆಯಂತೆ ಮೂಡಿದವು.

"ಸೂಜಿ ಚುಚ್ಚೋಕೆ ನರ ಸಿಗದೆ ರೋಗಿಗಳು ಒದ್ದಾಡ್ತಾರಲ್ಲ, ಅವರಿಗೆ ಇದು," ಎಂದರು ಮುಖ್ಯಸ್ಥೆ. "ಇದರಲ್ಲಿ ಚೂರೂ ಸೀಸ ಇಲ್ಲ."

ಅಮ್ಮ ಎದ್ದು ನಿಂತಳು. "ಇದನ್ನ ಮಾಡಿದ್ದು ಯಾರು?"

ಅಮ್ಮನಿಗೆ ಗೊತ್ತಿತ್ತು. ಆದರೂ ಎಲ್ಲರ ಎದುರು ಕೇಳಬೇಕಿತ್ತು, ಎಲ್ಲರ ಎದುರು ಉತ್ತರ ಬರಬೇಕಿತ್ತು!

"ನಿಮ್ಮ ಮಗಳು," ಎಂದ ಅಳತೆಗಾರ, ಸಭಾಂಗಣದ ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ.

ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ರಾಣಿಯಂತೆ ಕೂತಳು.

ಚಪ್ಪಾಳೆ ಮುಗಿದ ಮೇಲೆ ಅವಳೂ ಅವನೂ ಮೆಟ್ಟಿಲ ಬಳಿ ಇಬ್ಬರೇ ಸಿಕ್ಕರು.

"ನಿಮಗೊಂದು ಮಾತು ಹೇಳಬೇಕಿತ್ತು," ಎಂದ ಅವನು. "ಎಂಟು ತಿಂಗಳಿಂದ ಇಟ್ಕೊಂಡಿದ್ದೀನಿ. ನನಗೆ ನಿಮ್ಮ ಮೇಲೆ ಪ್ರೀತಿ. ನಿಮ್ಮ ಕೆಲಸದ ಮೇಲೆ, ಹಠದ ಮೇಲೆ, ಆ ಸಿಟ್ಟಿನ ಮೇಲೂ... ನೀವು ಒಪ್ಪಿದ್ರೆ..."

"ಒಪ್ಪಲ್ಲ."

ಅವನ ಮುಖ ಬಿಳುಪೇರಿತು.

"ನೀವು, ನಿಮ್ಮ, ನಿಮಗೆ! ಪ್ರೀತಿ ಹೇಳೋಕೂ ಇಷ್ಟೊಂದು ಮರ್ಯಾದೆ ಬೇಕಾ?" ಅವಳು ಅವನ ಕೈ ಹಿಡಿದಳು. "ಇನ್ನೊಂದು ಸಲ. ಸರಿಯಾಗಿ."

ಅವನು ಉಸಿರೆಳೆದುಕೊಂಡ.

"ನೀನು..."

"ಹ್ಞೂಂ... ಈಗ ಮುಂದೆ ಹೇಳು."