ಕೋಣದ ಹೊಟ್ಟೆಯಡಿಯ ಹಸಿರು

"ಇದು ಅಲ್ಲ! ಅಸಲಿ ಕೋಣ ಎಲ್ಲಿ?"

ಬೆಲೆ ಕಟ್ಟಲು ಕೊಚ್ಚಿಯಿಂದ ಬಂದಿದ್ದ ಶರತ್ಚಂದ್ರ ಕೂಗಿದ ಕೂಗಿಗೆ, ಅಮ್ಮಣಿ ಟೀಚರ ಜಗಲಿಯಲ್ಲಿ, ದಿನಾ ಅವರಿಗೆ ತಿಂಡಿ ಕೊಡಲು ಬರುವ ನನ್ನ ಕೈಯ ತಟ್ಟೆ ಜಾರಿತು.

ಟೀಚರ್ ಪ್ರಾಯದಲ್ಲಿ ಎರಕ ಹೊಯ್ದ ಹಿತ್ತಾಳೆ ಕೋಣ ಅದು. ಕಣ್ಣಿಲ್ಲ, ಮೂಗಿಲ್ಲ—ಬರೀ ಬಾಗಿದ ಬೆನ್ನು, ಎರಡು ಕೊಂಬು. ಶರತ್ಚಂದ್ರನ ಕೈಯ ಫೋಟೋದಲ್ಲಿ ಅದಕ್ಕೆ ಹಸಿರು ಕಪ್ಪು ಬಣ್ಣ. ಅಂಗಳದಲ್ಲಿ ಈಗಷ್ಟೇ ಟಾರ್ಪಾಲು ಸರಿಸಿದ ಕೋಣವೋ, ಮದುಮಗಳ ಬಳೆಯಂತೆ ಫಳಫಳ.

"ನಲವತ್ತು ವರ್ಷದ ಹಿತ್ತಾಳೆ ಹೀಗೆ ಹೊಳೆಯುವುದಿಲ್ಲ. ಇದು ಹೊಸ ಎರಕ."

ಟೀಚರ ತಂಗಿಯ ಮಗ ವಿಜೇತ್ ನನ್ನತ್ತ ತಿರುಗಿದ. ಕೋಣವನ್ನು ಹೋಟೆಲೊಂದಕ್ಕೆ ಮಾರಲು ಹೊರಟವನು ಅವನೇ.

"ಗೇಟಿನ ಕೀ ನನ್ನನ್ನೂ ದೊಡ್ಡಮ್ಮನನ್ನೂ ಬಿಟ್ಟರೆ ನಿನ್ನ ಹತ್ರ ಮಾತ್ರ ನಮಿತಾ. ಮಾರ್ಬಾರ್ದು ಅಂತ ಬಂದ್ಯೋಡು ಊರಿಡೀ ಹೇಳಿಕೊಂಡು ತಿರುಗಿದ್ದೂ ನೀನೇ. ಎಲ್ಲಿಗೆ ಸಾಗಿಸಿದ್ದು?"

"ಸಾಗಿಸ್ಲಿಕ್ಕೆ ಅದೆಂತ ಬೆಕ್ಕಿನ ಮರಿಯಾ? ಎತ್ತಲಿಕ್ಕೆ ನಾಲ್ಕು ಜನ ಬೇಕು!"

"ಅದನ್ನು ಸ್ಟೇಷನ್ನಿನಲ್ಲಿ ಹೇಳು." ಅವನು ಫೋನ್ ತೆಗೆದ.

"ಮಾಡಿ. ನಾನೇನು ಓಡುದಿಲ್ಲ." ಬಿದ್ದ ತಟ್ಟೆ ಎತ್ತಿಕೊಳ್ಳುತ್ತಲೇ ಹೇಳಿದೆ.

ನನ್ನ ಜೊತೆ ಬಂದಿದ್ದ ಕ್ಲಾಸ್‌ಮೇಟ್ ಶ್ರೀರಂಜಿನಿ ಕೋಣದ ಪಕ್ಕ ನೆಲದಲ್ಲಿ ಅಂಗಾತ ಮಲಗಿದ್ದಳು. ಮೊಬೈಲ್ ಟಾರ್ಚ್ ಬೇರೆ.

"ರಂಜೀ, ನನ್ನನ್ನು ಪೊಲೀಸ್ ಹಿಡೀತಾರೆ, ನೀನು ಎಂತ ಮಲಗಿದ್ದು?"

"ಟೀಚರ್ ಎಲ್ಲಿ?"

"ಒಳಗೆ. ವಿಜೇತಣ್ಣನ ಮೇಲೆ ಸಿಟ್ಟು. ಬಾಗಿಲು ಹಾಕಿ ಮಲಗಿದ್ದಾರೆ."

"ತಿಂಡಿಗೆ ಎಂತ ಕೊಟ್ಟೆ?"

"ನೀರ್‌ದೋಸೆ. ಚಟ್ನಿ ಬೇಡ, ಚಮಚ ಕೊಡು ಅಂದ್ರು."

"ನೀರ್‌ದೋಸೆಗೆ ಚಮಚವಾ ಮಾರಾಯ್ತಿ!" ಅವಳು ಎದ್ದು ಹಿತ್ತಲಿಗೆ ಓಡಿದಳು. ಅಷ್ಟೇ ವೇಗದಲ್ಲಿ ಬಂದಳು. "ಬಿಂಬುಳಿ ಮರದಲ್ಲಿ ಕೈಗೆಟಕುವ ಹುಳಿಕಾಯೆಲ್ಲ ಖಾಲಿ. ಸರ್, ಸ್ವಲ್ಪ ಬಗ್ಗಿ. ಹೊಟ್ಟೆಯಡಿ ನೋಡಿ."

ಶರತ್ಚಂದ್ರ ಬಗ್ಗಿದ. ಅಲ್ಲಿ ಹಸಿರು ಕಿಲುಬು ದಪ್ಪಗೆ ಕೂತಿತ್ತು.

"ಹೊಸ ಎರಕಕ್ಕೆ ಇಷ್ಟು ಹಳೇ ಕಿಲುಬು ಎಲ್ಲಿಂದ ಬಂತು? ಕೋಣ ಇದೇ! ವಿಷು ಹಬ್ಬಕ್ಕೆ ದೀಪ ಉಜ್ಜುವ ಹಾಗೆ ಬಿಂಬುಳಿ ಹಾಕಿ ಉಜ್ಜಿದ್ದು, ಅಷ್ಟೇ. ಉಜ್ಜಿದವರಿಗೆ ಬಗ್ಗಲಿಕ್ಕೆ ಆಗ್ಲಿಲ್ಲ, ಹೊಟ್ಟೆ ಉಳೀತು. ಬೆರಳಿನ ಬಿರುಕಿಗೆ ಹುಳಿ ಇಳಿದದ್ದಕ್ಕೆ ಚಟ್ನಿ ಮುಟ್ಟಿದರೆ ಉರಿ. ಅದಕ್ಕೇ ಚಮಚ."

"ಅಂದರೆ—" ವಿಜೇತ್ ಟೀಚರ ಬಾಗಿಲಿನತ್ತ ತಿರುಗಿದ.

"ಅಂದರೆ ಟೀಚರ್."

ಬಾಗಿಲು ತೆರೆಯಿತು. ಅಮ್ಮಣಿ ಟೀಚರ ಬೆರಳುಗಳು ಕೆಂಪಾಗಿದ್ದವು. ಬಗ್ಗಲಾಗದ ಸೊಂಟದಂತೆ ಕುತ್ತಿಗೆಯೂ ನೆಟ್ಟಗಿತ್ತು.

"ಹೌದು, ನಾನೇ. ನಾನು ಹೆತ್ತ ಕೋಣ, ನಾನೇ ಮೀಯಿಸಿದೆ. ಯಾರ ಅಪ್ಪಣೆ ಬೇಕಿತ್ತು?"

"ದೊಡ್ಡಮ್ಮಾ! ಬೆಲೆ ಹೋಯ್ತಲ್ಲ!"

"ಹೋಯಿತು," ಎಂದ ಶರತ್ಚಂದ್ರ. "ಆ ಹಸಿರಿಗೇ ಹೋಟೆಲಿನವರು ಆಸೆಪಟ್ಟದ್ದು. ಮತ್ತೆ ಅದು ಕೂರಲು ಇನ್ನೂ ನಲವತ್ತು ವರ್ಷ ಬೇಕು."

"ಕೂರ್ಲಿ. ಕೋಣಕ್ಕೆಂತ ಅವಸರ?" ಟೀಚರ್ ಅವನ ಕಡೆ ನೋಡಲೂ ಇಲ್ಲ. "ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಂತೆ. ಯಾರೂ ಮುಟ್ಟಬಾರದಂತೆ! ಬೆನ್ನು ಇಷ್ಟು ಬಾಗಿಸಿದ್ದು ಯಾಕೆ ನಾನು? ಮಕ್ಕಳು ಕೂರ್ಲಿಕ್ಕೆ. ವಿಜೇತಾ, ನೀನು ಗೇಟು ಹಾಕಿದ ಮೇಲೆ ಒಂದು ಮಗುವೂ ಹತ್ತಲಿಲ್ಲ. ಈಗ ಈ ಹುಡುಗಿಯನ್ನು ಕಳ್ಳಿ ಮಾಡಿದೆ. ಮಾಡು ಫೋನ್! ಕೋಣ ಮೀಯಿಸಿದ ಕೇಸು ಅಂತ ಹೇಳು, ಎಂತ ಸೆಕ್ಷನ್ ಹಾಕ್ತಾರೆ ನೋಡುವ."

ವಿಜೇತ್ ಫೋನನ್ನು ಕಿಸೆಗಿಳಿಸಿದ.

"ನಮಿತಾ, ಆ ಗೇಟು ತೆಗೆ," ಎಂದರು ಟೀಚರ್.

ತೆಗೆದೆ. ಮತ್ತೆ ಯಾರನ್ನೂ ಕೇಳಲಿಲ್ಲ—ಚಪ್ಪಲಿ ಬಿಟ್ಟು ಕೋಣದ ಬೆನ್ನೇರಿ ಕೂತೆ.