ಎರಡನೇ ಜೈದಿ

2016ರ ಫೆಬ್ರವರಿ 23, ಮಂಗಳವಾರ. ಬೆಳಿಗ್ಗೆ ಹತ್ತೂಮುಕ್ಕಾಲರ ಹೊತ್ತಿಗೆ ಆಗ್ರಾದ ಪ್ರವಾಸಿ ಪೊಲೀಸ್ ಠಾಣೆಗೆ ಕುಳ್ಳಗಿನ, ದುಂಡುಮೈಯ ವ್ಯಕ್ತಿಯೊಬ್ಬರು ಏದುಸಿರು ಬಿಡುತ್ತ ಬಂದರು. ಕೊರಳಲ್ಲಿ ಪರವಾನಗಿ ಪಡೆದ ಗೈಡ್‌ಗಳ ಬಿಲ್ಲೆ ತೂಗುತ್ತಿತ್ತು. ಇನ್‌ಸ್ಪೆಕ್ಟರ್ ವಿನೀತಾ ಭದೌರಿಯಾ ಚಹಾದ ಲೋಟ ಪಕ್ಕಕ್ಕಿಟ್ಟು ಕುರ್ಚಿ ತೋರಿಸಿದರು.

"ಏನು ಕಳವಾಗಿದೆ?"

"ನಾನೇ ಕಳವಾಗಿದ್ದೀನಿ ಮೇಡಂ."

ಮೂಲೆಯ ಮೇಜಿನಲ್ಲಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಗಿರ್‌ರಾಜ್ ಕುಶವಾಹ ತಲೆಯೆತ್ತಿದ. "ಇಲ್ಲೇ ಕೂತಿದ್ದೀರಲ್ಲ ಸಾಹೇಬ್ರೆ."

ಬಂದವರ ಹೆಸರು ಇಶ್ತಿಯಾಕ್ ಜೈದಿ. ಅಪ್ಪ, ಅಜ್ಜ ಇಬ್ಬರೂ ತಾಜ್‌ಗಂಜ್‌ನಲ್ಲಿ ಗೈಡ್ ಆಗಿದ್ದವರು. ಅವರು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟದ್ದು ಪ್ರವಾಸ ಇಲಾಖೆಯ ನೋಟಿಸು. ಪುಣೆಯ ನಿವೃತ್ತ ಪ್ರೊಫೆಸರ್ ಕೇಳ್ಕರ್ ಎಂಬವರು ದೂರು ಕೊಟ್ಟಿದ್ದರು: ಗೈಡ್ ಜೈದಿ ಸ್ಮಾರಕಗಳ ಬಗ್ಗೆ ಹಸಿ ಸುಳ್ಳು ಹೇಳಿ ದಾರಿ ತಪ್ಪಿಸಿದ್ದಾನೆ. ಮುಂದಿನ ಸೋಮವಾರ ವಿಚಾರಣೆ. ಅಲ್ಲಿವರೆಗೆ ಪರವಾನಗಿ ಅಮಾನತು.

"ಆ ಪ್ರೊಫೆಸರ್ ಮುಖಾನೇ ನಾನು ನೋಡಿಲ್ಲ ಮೇಡಂ! ಬರೀ ಅವರೊಬ್ಬರಲ್ಲ. ಹೋದ ವಾರ ಒಂದು ಕುಟುಂಬ ನನ್ನ ಹೆಸರು ಓದಿ ಏನು ಕೇಳ್ತು ಗೊತ್ತಾ? 'ಜಹಾಂಗೀರ್ ಬಾದಶಹನಿಗೆ ರಾಮಕಟೋರಿ ಚಪ್ಪಲಿ ಬಿಡಿಸಿದ ಜಾಗ ತೋರ್ಸಿ, ನಮ್ಮ ನೆಂಟರಿಗೆ ನೀವೇ ತೋರಿಸಿದ್ರಂತೆ' ಅಂತ."

"ರಾಮಕಟೋರಿ ಯಾರು?"

"ಅದೇ ನಂಗೂ ಬೇಕಾಗಿರೋದು! ಮೊಘಲರ ಆಸ್ಥಾನದಲ್ಲಿ ರಾಮಕಟೋರಿ! ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಪ್ಪ ಬದುಕಿದ್ದಿದ್ರೆ ಎದೆ ಒಡೆದು ಸಾಯ್ತಿದ್ರು."

"ನಿಮ್ಮ ಬಿಲ್ಲೆ ಯಾವಾಗಾದ್ರೂ ಕಳೆದಿತ್ತಾ?"

ಜೈದಿ ತಡೆದರು. "ಡಿಸೆಂಬರಲ್ಲಿ. ಮಗಳ ಮದುವೆ ಓಡಾಟ. ಎಲ್ಲಿ ಬಿತ್ತೋ ಗೊತ್ತಿಲ್ಲ. ಇದು ಆಮೇಲೆ ಮಾಡಿಸಿದ್ದು."

"ಅದರಲ್ಲಿ ನಿಮ್ಮ ಫೋಟೊ ಇರುತ್ತಲ್ಲ?"

"ಬಿಸಿಲಿಗೆ ಮಾಸಿಹೋಗಿತ್ತು. ಹೆಸರು ಮಾತ್ರ ಓದ್ಬಹುದಿತ್ತು."

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಬೇರೊಬ್ಬನೆಂದು ಹೇಳಿಕೊಂಡು ವಂಚನೆ, ಐಪಿಸಿ ಕಲಂ 419. ಆರೋಪಿ: ಅಪರಿಚಿತ.

ಮಧ್ಯಾಹ್ನ ವಿನೀತಾ ಸ್ಪೀಕರ್ ಹಾಕಿ ಪುಣೆಗೆ ಫೋನ್ ಮಾಡಿದರು. ಪ್ರೊಫೆಸರ್ ಕೇಳ್ಕರ್ ರಸಾಯನಶಾಸ್ತ್ರ ಕಲಿಸಿದವರು. ಆಗ್ರಾದಲ್ಲಿ ಕೇಳಿದ ಕತೆಯೊಂದನ್ನು ಗೆಳೆಯರ ಕೂಟದಲ್ಲಿ ಗಂಭೀರವಾಗಿ ಹೇಳಿ ನಗೆಪಾಟಲಾಗಿದ್ದರು. ಆ ಉರಿ ಇನ್ನೂ ಆರಿರಲಿಲ್ಲ.

"ಗೈಡ್ ನೋಡೋಕೆ ಹೇಗಿದ್ರು ಸರ್?"

"ಎತ್ತರದ ಆಳು. ಬಿಳಿ ಮೀಸೆ. ಕೆನೆಬಣ್ಣದ ಶೇರ್ವಾನಿ. ಕಾಲಲ್ಲಿ ಕನ್ನಡಿ ತರ ಹೊಳೆಯೋ ಬೂಟು."

ಎದುರಿಗೆ ಕೂತಿದ್ದ ಜೈದಿಯವರ ಎತ್ತರವನ್ನೂ, ನುಣ್ಣಗೆ ಬೋಳಿಸಿದ ಮುಖವನ್ನೂ ನೋಡಿ ಗಿರ್‌ರಾಜ್ ಕೆಮ್ಮಿದ.

"ಫೋಟೊ ಇದೆಯಾ?"

"ನಮ್ಮ ಫೋಟೊ ಎಲ್ಲ ಅವರೇ ತೆಗೆದ್ರು. ಅವರು ಯಾವುದರಲ್ಲೂ ಇಲ್ಲ."

"ಎಷ್ಟು ಹಣ ಕೊಟ್ರಿ?"

"ತಗೊಳ್ಲಿಲ್ಲ. ತಿಂಡಿ ಕೊಡಿಸಿ ಸಾಕು ಅಂದ್ರು. ಬೇಡಯಿ ಪೂರಿ, ಜಿಲೇಬಿ." ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿಸಿತು: "ಅಷ್ಟು ಚೆನ್ನಾಗಿ ಸುತ್ತಾಡಿಸಿದ ಮನುಷ್ಯನ ಮೇಲೆ ದೂರು ಕೊಟ್ಟಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ!" ಪ್ರೊಫೆಸರ್ ಅವಸರದಲ್ಲಿ ಫೋನ್ ಇಟ್ಟರು.

"ಮೇಡಂ," ಗಿರ್‌ರಾಜ್ ಕೇಳಿದ, "ಕಾಸೇ ಮುಟ್ಟಿಲ್ಲ ಅಂದ್ಮೇಲೆ ವಂಚನೆ ಹೇಗಾಗುತ್ತೆ?"

"ಸುಳ್ಳು ಹೆಸರಿಂದ ಇನ್ನೊಬ್ಬರ ಮಾನ ಹೋದ್ರೂ ವಂಚನೆನೇ. ಇವರ ಅನ್ನ ಹೋಗೋದ್ರಲ್ಲಿದೆ, ಕಾಣಲ್ವಾ?"

ಜೈದಿ ಕೊರಳಿನ ಬಿಲ್ಲೆಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅದನ್ನು ಹಾಕಿಕೊಳ್ಳುವ ಹಕ್ಕು ಸದ್ಯಕ್ಕೆ ಇಲ್ಲವೆಂಬುದು ಆಗಷ್ಟೇ ನೆನಪಾದಂತಿತ್ತು.

ಬುಧವಾರ ವಿನೀತಾ ಮತ್ತು ಗಿರ್‌ರಾಜ್ ತಿಂಡಿಯ ಜಾಡು ಹಿಡಿದು ಹೊರಟರು. ಮೂರು ಅಂಗಡಿಗಳಲ್ಲಿ ಸುಳಿವು ಸಿಗಲಿಲ್ಲ. ಆದರೂ ಗಿರ್‌ರಾಜ್ ಪ್ರತಿ ಅಂಗಡಿಯಲ್ಲೂ ತನಿಖೆಗೆ ಅಗತ್ಯವೆಂದು ಒಂದು ತಟ್ಟೆ ತಿಂದ. ಯಮುನೆಯ ಸೇತುವೆಯ ಹತ್ತಿರದ ನಾಲ್ಕನೇ ಅಂಗಡಿಯವನು ಕಾದ ಎಣ್ಣೆಗೆ ಬೇಡಯಿ ಬಿಡುತ್ತಲೇ ಉತ್ತರಿಸಿದ.

"ಬಿಳಿ ಮೀಸೆ ಬಾಬೂಜಿನಾ? ಬರ್ತಾರಲ್ಲ. ಯಾವಾಗ್ಲೂ ಹೊಸ ಹೊಸ ನೆಂಟರ ಜೊತೆ. ಒಳ್ಳೇ ಜನ. ನನ್ನ ಚಪ್ಪಲಿ ನೋಡಿ ಬೈದ್ರು."

"ಯಾಕೆ?"

"ಎಡಗಡೆ ಹಿಮ್ಮಡಿ ಸವೆದಿದೆ, ಹಿಂಗೇ ಬಿಟ್ರೆ ಸೊಂಟ ಹಿಡ್ಕೊಳ್ಳುತ್ತೆ ಅಂದ್ರು. ಸೊಂಟ ಹಿಡ್ಕೊಂಡಿತ್ತು ಸಾಹೇಬ್ರೆ, ಆಗ್ಲೇ!"

"ಇಲ್ಲಿಂದ ಎಲ್ಲಿಗೆ ಹೋಗ್ತಾರೆ?"

"ಸೇತುವೆ ದಾಟಿ ಎತ್ಮಾದುದ್ದೌಲಾ ಗೋರಿಗೆ. ಒಂದೊಂದ್ಸಲ ಸಿಕಂದರಾ."

ತಾಜ್‌ಗೆ ಅವನು ಯಾಕೆ ಹೋಗುವುದಿಲ್ಲವೆಂದು ವಿನೀತಾಗೆ ಹೊಳೆಯಿತು. ಅಲ್ಲಿ ಹೆಜ್ಜೆಗೊಬ್ಬ ಗೈಡ್ ಇರುತ್ತಾನೆ, ಎಲ್ಲರೂ ಜೈದಿಯನ್ನು ಬಲ್ಲವರು. ಈ ಎರಡೂ ಕಡೆ ಜನ ಕಡಿಮೆ, ಗೈಡ್‌ಗಳು ಅಪರೂಪ.

ಅದೇ ಸಂಜೆ ಹೋಟೆಲುಗಳಲ್ಲಿ ವಿಚಾರಿಸುತ್ತ ಹೋದಾಗ ಒಂದರಲ್ಲಿ ಪಟ್ನಾದಿಂದ ಬಂದಿದ್ದ ಕುಟುಂಬವೊಂದು ಸಿಕ್ಕಿತು. ಹಿಂದಿನ ದಿನ ಅವರನ್ನು ಸಿಕಂದರಾದ ಅಕ್ಬರನ ಗೋರಿಗೆ ಕರೆದೊಯ್ದದ್ದು "ಜೈದಿ ಸಾಹೇಬರೇ". ಮನೆಯ ಯಜಮಾನಿ ಕಣ್ಣರಳಿಸಿ ಹೇಳಿದರು:

"ಅಕ್ಬರ್ ಬಾದಶಹನಿಗೆ ಓದೋಕೆ ಬರ್ತಿರ್ಲಿಲ್ಲ ತಾನೇ? ಅರಮನೆಗೆ ಬೂಟು ತಂದುಕೊಡೋ ರಾಮಕಟೋರಿಗೂ ಬರ್ತಿರ್ಲಿಲ್ವಂತೆ. ಇಬ್ಬರೂ ಒಂದಿನ ಪುಸ್ತಕ ತಲೆಕೆಳಗು ಹಿಡ್ಕೊಂಡು ಕೂತಿದ್ರಂತೆ. 'ಅಳ್ಬೇಡ ರಾಮಕಟೋರಿ, ನಂಗೂ ಬರಲ್ಲ. ಆದ್ರೂ ರಾಜ್ಯ ನಡೀತಿಲ್ವಾ' ಅಂದ್ನಂತೆ ಬಾದಶಹ. ನಮ್ಮತ್ತೆಗೂ ಓದು ಬರಲ್ಲ. ಅದನ್ನ ಕೇಳಿ ಎಷ್ಟು ನಕ್ಕರು ಅಂತೀರಿ!"

ಠಾಣೆಗೆ ಮರಳುವ ದಾರಿಯಲ್ಲಿ ಜೀಪು ಓಡಿಸುತ್ತ ಗಿರ್‌ರಾಜ್ ಹೇಳಿದ: "ಎಲ್ಲರ ಕಾಲೂ ನೋಡ್ತಾನೆ. ಕತೇಲಿ ಬೂಟು. ಬೂಟಿನ ಕಸುಬಿನವನು ಮೇಡಂ."

"ಆಗ್ರಾದಲ್ಲಿ ಅರ್ಧ ಊರು ಬೂಟಿನ ಕಸುಬಿಂದೇ. ಎಲ್ಲಿ ಅಂತ ಹುಡುಕ್ತೀಯ?"

ಗಿರ್‌ರಾಜ್ ಒಮ್ಮೆಲೇ ಬ್ರೇಕು ಒತ್ತಿದ. ಹಿಂದಿನ ಇ-ರಿಕ್ಷಾದವನು ಇಬ್ಬರ ವಂಶವನ್ನೂ ಜಾಲಾಡಿ ಮುಂದೆ ಹೋದ.

"ಹೀಂಗ್ ಕಿ ಮಂಡಿ ಬೂಟಿನ ಪೇಟೆ, ಎರಡನೇ ಗಲ್ಲಿ! 'ರಾಮಕಟೋರಿ ಬೂಟ್ ಹೌಸ್' ಅಂತ ಬೋರ್ಡ್ ಇದೆ. ಹೋದ ವರ್ಷ ನನ್ನ ಹೆಂಡತಿಗೆ ಅಲ್ಲೇ ಜೂತಿ ತಗೊಂಡಿದ್ದೆ."

ವಿನೀತಾ ಅಲ್ಲಿಂದಲೇ ಜೈದಿಗೆ ಫೋನ್ ಮಾಡಿದರು. ಮಗಳ ಮದುವೆಗೆ ಜೂತಿ ಕೊಂಡದ್ದು ಎಲ್ಲಿ? ಅದೇ ಅಂಗಡಿ. ಅಳತೆ ಕೊಡಲು ಬಗ್ಗಿದಾಗ ಬಿಲ್ಲೆ ಅಡ್ಡ ಬರುತ್ತದೆಂದು ಕಳಚಿ ಬೆಂಚಿನ ಮೇಲಿಟ್ಟದ್ದು ಅವರಿಗೆ ಆಗ ನೆನಪಾಯಿತು.

ಗುರುವಾರ ಗಿರ್‌ರಾಜ್ ಗಿರಾಕಿಯಂತೆ ಅಂಗಡಿಗೆ ಹೋಗಿಬಂದ. ಗಲ್ಲಾದಲ್ಲಿ ದೊಡ್ಡ ಮಗ ಸುರೇಶ್. ಅಂಗಡಿಗೆ ತಾಯಿಯ ಹೆಸರಿಟ್ಟದ್ದು ಅವರು ಎರಡು ವರ್ಷದ ಹಿಂದೆ ತೀರಿಕೊಂಡ ಮೇಲೆ. ತಂದೆ ನಂದಲಾಲ್ ಪಿಪ್ಪಲ್ ಎಲ್ಲಿ ಎಂದರೆ, "ಬೆಳಿಗ್ಗೆ ದೇವಸ್ಥಾನಕ್ಕೆ ಹೋಗ್ತಾರೆ. ವಯಸ್ಸಾಯ್ತಲ್ಲ, ಭಕ್ತಿ ಜಾಸ್ತಿಯಾಗಿದೆ."

"ಶೇರ್ವಾನಿ ಹಾಕ್ಕೊಂಡು?" ಎಂದು ಕೇಳಬೇಕೆನಿಸಿದರೂ ಗಿರ್‌ರಾಜ್ ನಾಲಿಗೆ ಕಚ್ಚಿಕೊಂಡ.

ಹೆಸರು ಸಿಕ್ಕರೆ ಸಾಲದು. ಇಲಾಖೆಯ ಮುಂದೆ ಜೈದಿ ನಿರ್ದೋಷಿ ಎನಿಸಬೇಕಾದರೆ ಆಸಾಮಿ ಬಿಲ್ಲೆ ಹಾಕಿಕೊಂಡಿರುವಾಗಲೇ ಸಿಗಬೇಕು. ಶನಿವಾರ ಬೆಳಿಗ್ಗೆ ಎಂಟೂವರೆಗೆ ವಿನೀತಾ ಹಳದಿ ಸಲ್ವಾರ್ ತೊಟ್ಟು, ಗ್ವಾಲಿಯರ್‌ನಿಂದ ಬಂದ ಶಾಲಾ ಶಿಕ್ಷಕಿಯಾಗಿ ಎತ್ಮಾದುದ್ದೌಲಾದ ಗೇಟಿನ ಮುಂದೆ ನಿಂತರು. ಗಿರ್‌ರಾಜ್ ಅವರ ಚಿಕ್ಕಪ್ಪ. ತಲೆಗೆ ಮಫ್ಲರ್, ಕೈಯಲ್ಲಿ ಸೀಬೆಹಣ್ಣಿನ ಚೀಲ. ತಾನು ಕೆಮ್ಮಿದರೆ ಹಿಡಿಯಬೇಕೆಂದು ವಿನೀತಾ ಹೇಳಿಕೊಟ್ಟಿದ್ದರು. ಮಫ್ತಿಯಲ್ಲಿದ್ದ ಇಬ್ಬರು ಕಾನ್‌ಸ್ಟೆಬಲ್‌ಗಳು ಆಚೆ ಚಹಾ ಕುಡಿಯುತ್ತಿದ್ದರು.

ಕೆನೆಬಣ್ಣದ ಶೇರ್ವಾನಿ ತಾನಾಗಿಯೇ ಹತ್ತಿರ ಬಂತು.

"ಒಳಗೆ ನೋಡ್ಬೇಕಾ ಮಗಳೇ? ಗೈಡ್ ಬೇಕಾ?"

"ಬೇಕಿತ್ತು ಬಾಬೂಜಿ. ತಮ್ಮ ಹೆಸರು?"

"ಜೈದಿ." ಎದೆಯ ಮೇಲಿನ ಬಿಲ್ಲೆಯನ್ನು ಅವರು ಮುಟ್ಟಿ ತೋರಿಸಿದರು. ಆಮೇಲೆ ಅವರ ಕಣ್ಣು ಇಳಿದು ಗಿರ್‌ರಾಜ್‌ನ ಪಾದಗಳ ಮೇಲೆ ನಿಂತಿತು. ಬಟ್ಟೆ ಬದಲಾಯಿಸಿದ್ದ ಗಿರ್‌ರಾಜ್ ಸರಕಾರಿ ಕಂದುಬಣ್ಣದ ಬೂಟನ್ನು ಬದಲಾಯಿಸಿರಲಿಲ್ಲ.

"ಗಟ್ಟಿ ಬೂಟು," ಎಂದರು ಮುದುಕರು.

"ಅಳಿಯ ಕೊಟ್ಟಿದ್ದು. ಅವನು... ಬ್ಯಾಂಕಲ್ಲಿದಾನೆ."

"ಒಳ್ಳೇ ಬ್ಯಾಂಕು. ಬನ್ನಿ."

ಮುಂದಿನ ಒಂದು ಗಂಟೆಯ ಬಗ್ಗೆ ವಿನೀತಾ ತಮ್ಮ ವರದಿಯಲ್ಲಿ ಬರೆದದ್ದು ಎರಡೇ ಸಾಲು. ನಡೆದದ್ದು ಹೆಚ್ಚು. ನೂರ್‌ಜಹಾನ್ ತನ್ನ ತಂದೆಗಾಗಿ ಕಟ್ಟಿಸಿದ ಆ ಬಿಳಿ ಗೋರಿಯ ಮುಂದೆ, ಕಲ್ಲಿನಲ್ಲಿ ಕೂರಿಸಿದ ಹೂಜಿ, ಹೂವು, ದಾಳಿಂಬೆಗಳನ್ನು ಒಂದೊಂದಾಗಿ ತೋರಿಸುತ್ತ ಮುದುಕರು ಕತೆ ಬಿಚ್ಚಿದರು. ನೆಲಕ್ಕೆ ಅಮೃತಶಿಲೆ ಹಾಸಿ ಮುಗಿದ ದಿನ. ಬೇಟೆಯಿಂದ ಬಂದ ಜಹಾಂಗೀರ್ ಕೆಸರುಬೂಟಿನಲ್ಲೇ ಒಳಗೆ ಕಾಲಿಡಲು ಹೊರಟ. ಆನೆ, ಕುದುರೆ, ವಜೀರರು ಎಲ್ಲ ಹಿಂದೆ ನಿಂತಿದ್ದಾರೆ. ಯಾರಿಗೂ ಬಾಯಿಲ್ಲ. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ರಾಮಕಟೋರಿ ಎದ್ದು ಸೊಂಟದ ಮೇಲೆ ಕೈಯಿಟ್ಟಳು.

"'ಬಾದಶಹ ಆದ್ರೆ ಆಯ್ತೇನಯ್ಯಾ, ಕಣ್ಣಿಲ್ವಾ? ಬೆಳಿಗ್ಗೆಯಿಂದ ಒರೆಸಿ ಒರೆಸಿ ನನ್ನ ಮಂಡಿ ಬಿದ್ದುಹೋಗಿದೆ. ತೆಗಿ ಬೂಟು!'"

"ತಲೆ ತೆಗೆಸಿದ್ನಾ?" ಗಿರ್‌ರಾಜ್‌ಗೆ ಉಸಿರು ಕಟ್ಟಿತ್ತು.

"ಬಾದಶಹ ಬೇಗಮ್ಮನ ಮುಖ ನೋಡ್ದ. ಬೇಗಮ್ ಏನಂದ್ಲು ಗೊತ್ತಾ? 'ಬೇಗ ತೆಗೀರಿ, ಆಮೇಲೆ ನನಗೂ ಬೈತಾಳೆ' ಅಂದ್ಲು. ಅವತ್ತಿಂದ ಇವತ್ತಿನವರೆಗೂ ಇಲ್ಲಿ ಎಲ್ಲರೂ ಬೂಟು ಬಿಟ್ಟೇ ಒಳಗೆ ಹೋಗ್ಬೇಕು."

ಗಿರ್‌ರಾಜ್ ಕಲ್ಲಿನ ಕಟ್ಟೆ ತಟ್ಟಿ ತಟ್ಟಿ ನಕ್ಕ. ವಿನೀತಾ ಕೆಮ್ಮಿದರು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೆಮ್ಮಿದರು.

"ಆಮೇಲೆ?" ಎಂದ ಗಿರ್‌ರಾಜ್, ಮುದುಕರಿಗೆ.

"ಗಿರ್‌ರಾಜ್!"

ಅವನು ಬೆಚ್ಚಿ ಎದ್ದು, ಬರಿಗಾಲಲ್ಲೇ ಸಲ್ಯೂಟ್ ಹೊಡೆದ.

ವಿನೀತಾ ಗುರುತಿನ ಚೀಟಿ ತೋರಿಸಿದರು. "ನಂದಲಾಲ್ ಪಿಪ್ಪಲ್ ಅವರೇ, ನಾವು ಪೊಲೀಸಿನವರು."

"ಗೊತ್ತು ಮಗಳೇ. ಗೇಟಲ್ಲೇ ಗೊತ್ತಾಯ್ತು. ಆ ಬೂಟು ಪೊಲೀಸರದ್ದು."

"ಗೊತ್ತಿದ್ದೂ ಯಾಕೆ ಬಂದ್ರಿ? ಓಡಿಹೋಗ್ಬಹುದಿತ್ತಲ್ಲ?"

"ಇವರು ಕತೆ ಕೇಳೋ ಜಾತಿ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು," ಎಂದರು ನಂದಲಾಲ್, ಗಿರ್‌ರಾಜ್‌ನ ಕಡೆ ನೋಡಿ. "ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ."

ಹತ್ತು ಗಂಟೆಗೆ, ಟಿಕೆಟ್ ಕೊಡುವವನನ್ನೂ ಸೀಬೆಹಣ್ಣು ಮಾರುವವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಬರೆದರು. ವಶಪಡಿಸಿಕೊಂಡದ್ದು: ಇಶ್ತಿಯಾಕ್ ಜೈದಿ ಹೆಸರಿನ ಬಿಲ್ಲೆ ಒಂದು. ಬಂಧನದ ಪತ್ರಕ್ಕೆ ನಂದಲಾಲ್ ನಿಧಾನವಾಗಿ, ಅಕ್ಷರ ಕೂಡಿಸಿ ಕೂಡಿಸಿ ಸಹಿ ಹಾಕಿದರು.

ಠಾಣೆಯಲ್ಲಿ ಜೈದಿ ಕಾದಿದ್ದರು. ಮಾಡಬೇಕಾದ ಜಗಳವನ್ನೆಲ್ಲ ದಾರಿಯಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಆದರೆ ನಂದಲಾಲ್ ಬಾಗಿಲಲ್ಲೇ ನಿಂತು ಕೈಮುಗಿದುಬಿಟ್ಟರು.

"ನಿಮ್ಮ ಪರವಾನಗಿ ಹೋಗಿದೆ ಅಂತ ಇವರು ಜೀಪಲ್ಲಿ ಹೇಳಿದ್ರು. ನನಗೆ ಗೊತ್ತಿರ್ಲಿಲ್ಲ ಸಾಹೇಬ್ರೆ. ಒಂದು ಹೆಸರು ಹಾಕ್ಕೊಂಡ್ರೆ ಇನ್ನೊಬ್ಬರ ಒಲೆ ಆರುತ್ತೆ ಅಂತ ತಲೆಗೇ ಹೋಗ್ಲಿಲ್ಲ."

"ಬಿಲ್ಲೆ ವಾಪಸ್ ಕೊಡ್ಬೇಕು ಅಂತಾನೂ ಹೋಗ್ಲಿಲ್ವಾ?" ಜೈದಿ ಎದ್ದು ನಿಂತರು. "ಮೂರು ತಲೆಮಾರು! ಒಂದು ಇಸವಿ ತಪ್ಪು ಹೇಳಿದ್ರೆ ನಮ್ಮಪ್ಪ ಊಟಕ್ಕೆ ಹಾಕ್ತಿರ್ಲಿಲ್ಲ. ನಿಮ್ಮಿಂದ ನಾನು ಊರಿನ ಬಾಯಲ್ಲಿ ಸುಳ್ಳುಗಾರ ಆದೆ."

"ಹೌದು. ಸೋಮವಾರ ಆ ಆಫೀಸಿಗೆ ನಾನೂ ಬರ್ತೀನಿ. ಎಲ್ಲರ ಮುಂದೆ ಹೇಳ್ತೀನಿ, ಸುಳ್ಳುಗಾರ ನಾನು ಅಂತ."

ಜೈದಿ ದೊಪ್ಪೆಂದು ಬೆಂಚಿನ ಮೇಲೆ ಕೂತರು. ವಿನೀತಾ ಆಗಲೇ ಇಲಾಖೆಗೆ ವರದಿ ಕಳಿಸಿದ್ದರು. ವಿಚಾರಣೆಯ ತನಕವೂ ಕಾಯದೆ ಮಧ್ಯಾಹ್ನವೇ ಅಮಾನತು ರದ್ದಾಯಿತು. ಜೈದಿ ಜೇಬಿನಿಂದ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಂಡು, ಗಿರ್‌ರಾಜ್‌ನ ಬೆನ್ನು ತಟ್ಟಿ, ಠಾಣೆಗೆಲ್ಲ ಪೇಠಾ ಮಿಠಾಯಿ ತರಿಸಿದರು. ಒಂದು ಹೋಳು ನಂದಲಾಲ್ ಮುಂದೆಯೂ ಇಟ್ಟರು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ.

ಅಪರಾಧ ಜಾಮೀನು ಸಿಗುವಂಥದ್ದು. ನಂದಲಾಲ್ ಅವರ ಗಂಡುಮಕ್ಕಳಿಬ್ಬರೂ ಸ್ಕೂಟರಿನಲ್ಲಿ ಓಡಿಬಂದರು. ಸುರೇಶ್ ಬಂದವನೇ ತಂದೆಯ ಮೇಲೆ ಹರಿಹಾಯ್ದ.

"ದೇವಸ್ಥಾನ ಅಂತ ಹೇಳಿ ಇದಾ ನೀವು ಮಾಡ್ತಿದ್ದಿದ್ದು ಬಾಬೂಜಿ? ಮಾನ ಮರ್ಯಾದೆ ಬೇಡ್ವಾ? ಅಮ್ಮನ ಹೆಸರನ್ನ ಊರೋರಿಗೆಲ್ಲ ತಮಾಷೆಗೆ..."

"ಕೂತ್ಕೊಳ್ಳಿ," ಎಂದರು ವಿನೀತಾ. "ಹೇಳಿಕೆ ಇನ್ನೂ ಮುಗಿದಿಲ್ಲ. ಹೇಳಿ ಬಾಬೂಜಿ. ಯಾಕೆ ಮಾಡಿದ್ರಿ?"

ನಂದಲಾಲ್ ಮೀಸೆ ಸವರಿಕೊಂಡರು. ರಾಮಕಟೋರಿ ಆಗ್ರಾಕ್ಕೆ ಸೊಸೆಯಾಗಿ ಬಂದಾಗ ಕೇಳಿದ ಒಂದೇ ಆಸೆ ಗುಮ್ಮಟಗಳನ್ನು ನೋಡುವುದು. ಭಾನುವಾರ ಅಂಗಡಿ ಮುಚ್ಚಿ ಕರೆದೊಯ್ಯುತ್ತಿದ್ದರು. ಗೈಡ್ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಬೇರೆಯವರ ಗೈಡ್ ಹಿಂದೆ ನಿಂತು ಕೇಳಿದರೆ ಎಲ್ಲ ಇಂಗ್ಲಿಷಿನಲ್ಲಿರುತ್ತಿತ್ತು. ಏನಂದ್ರು, ಏನಂದ್ರು ಎಂದು ಅವಳು ತೋಳು ಜಗ್ಗುತ್ತಿದ್ದಳು.

"ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು ಮಗಳೇ. ಹೊಸ ಹೆಂಡತಿ. ಬಾಯಿಗೆ ಬಂದಿದ್ದು ಹೇಳ್ದೆ. ನಕ್ಕಳು. ಮುಂದಿನ ಭಾನುವಾರ ಇನ್ನೊಂದು ಹೇಳ್ದೆ. ಆಮೇಲೆ ಕತೆ ಒಳಗೆ ಅವಳನ್ನೇ ಹಾಕೋಕೆ ಶುರುಮಾಡ್ದೆ. ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಒಂದಿನವೂ ಕೇಳ್ಲಿಲ್ಲ."

ಅವಳು ಹೋದ ಮೇಲೂ ಕಾಲು ಅದೇ ದಾರಿ ಹಿಡಿಯುತ್ತಿತ್ತು. ಒಂದು ಬೆಳಿಗ್ಗೆ, ಬೆಂಚಿನಡಿ ಸಿಕ್ಕ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ನಿಂತಾಗ ಯಾರೋ ದಂಪತಿ "ನೀವು ಗೈಡಾ?" ಎಂದರು. ಹೌದು ಎಂದುಬಿಟ್ಟರು.

ಚಿಕ್ಕ ಮಗನ ಬಾಯಿ ತೆರೆದೇ ಇತ್ತು. "ಅಮ್ಮ ಭಾನುವಾರ ಸತ್ಸಂಗಕ್ಕೆ ಹೋಗ್ತೀನಿ ಅಂತಿದ್ಲಲ್ಲ?"

"ಹಂಗೆ ಹೇಳೋಣ ಅಂದಿದ್ದೇ ಅವಳು. ನೀವು ಚಿಕ್ಕವರು, ಜೊತೆಗೆ ಬರ್ತೀನಿ ಅಂತ ಹಟ ಮಾಡ್ತಿದ್ರಿ."

ವಿನೀತಾ ಜಾಮೀನು ಪತ್ರವನ್ನು ಸುರೇಶ್‌ನ ಮುಂದೆ ಸರಿಸಿದರು. ಅವನು ಪೆನ್ನು ತೆಗೆದುಕೊಂಡ, ಸಹಿಯ ಜಾಗ ಹುಡುಕಿದ, ಹಾಕಲಿಲ್ಲ. ಕುರ್ಚಿಯನ್ನು ಎಳೆದು ತಂದೆಯ ಹತ್ತಿರಕ್ಕೆ ಹಾಕಿಕೊಂಡ.

"ಬಾಬೂಜಿ," ಎಂದ, "ತಾಜ್‌ನಲ್ಲಿ ಅಮ್ಮ ಏನು ಮಾಡಿದ್ಲು?"

ನಂದಲಾಲ್ ಒಮ್ಮೆ ಮಗನನ್ನು ನೋಡಿದರು, ಒಮ್ಮೆ ಇನ್‌ಸ್ಪೆಕ್ಟರನ್ನು. ವಿನೀತಾ ಕಡತ ಮುಚ್ಚಿ ಗಿರ್‌ರಾಜ್‌ಗೆ ಕಣ್ಸನ್ನೆ ಮಾಡಿದರು. ಅವನು ಎಲ್ಲರಿಗೂ ಚಹಾ ತರಲು ಎದ್ದ, ಬಾಗಿಲ ತನಕ ಹೋಗಿ, "ನಾನು ಬರೋವರೆಗೂ ಶುರು ಮಾಡ್ಬೇಡಿ ಬಾಬೂಜಿ," ಎಂದು ಕೂಗಿ ಹೇಳಿ ಓಡಿದ.