ಲೆನರ್ಡನ ಮುಕ್ಕಾಲಿ

ಮಂಗಳವಾರ ಮಧ್ಯಾಹ್ನ ಮಾರ್ಜೀನ್ ಹುಡಾಕ್ ಕಾರ್ಬನ್ ಫೋರ್ಕ್ ಠಾಣೆಗೆ ಬಂದಾಗ ಅವಳ ಮೊಣಕೈವರೆಗೂ ಮೈದಾ ಹಿಟ್ಟು ಅಂಟಿತ್ತು. ಬೆಳಿಗ್ಗೆಯೆಲ್ಲ ಚರ್ಚಿನಲ್ಲಿ ಹೆಂಗಸರ ಜೊತೆ ಕೂತು ಪಿರೋಗಿ ಕಡುಬು ಮಡಚಿ ಮನೆಗೆ ಮರಳಿದವಳು, ತೀರಿಹೋದ ಗಂಡ ಲೆನರ್ಡನ ನೆಲಮಾಳಿಗೆಯ ಕೆಲಸದ ಕೋಣೆಗೆ ಇಳಿದು ನೋಡಿ, ಕೈ ಕೂಡ ತೊಳೆಯದೆ ಬಂದಿದ್ದಳು. ಡಿಟೆಕ್ಟಿವ್ ಸಾರ್ಜೆಂಟ್ ಲೋರ್ನಾ ಪೆಟ್ರಾಕ್ ಕುರ್ಚಿ ಎಳೆದುಕೊಟ್ಟಳು.

"ಏನ್ ಹೋಗಿದೆ?"

"ಲೆನ್ನಿ ಮಾಡಿದ ಮುಕ್ಕಾಲಿ. ಬಂದೂಕು ಕೂರಿಸೋದು."

"ಬಂದೂಕು?"

"ಅದು ಅಲ್ಲೇ ಇದೆ. ಕೆಳಗಿಳಿಸಿಟ್ಟು ಮುಕ್ಕಾಲಿ ಮಾತ್ರ ತಗೊಂಡ್ ಹೋಗಿದಾರೆ."

ಪಕ್ಕದ ಮೇಜಿನಲ್ಲಿದ್ದ ಕಾನ್‌ಸ್ಟೆಬಲ್ ಡೆಲ್ಮರ್ ರೂಪ್ ತಲೆಯೆತ್ತಿದ. "ಕಾರ್ ಬಿಟ್ಟು ಟೈರ್ ಕದ್ದ ಹಾಗಾಯ್ತಲ್ಲ."

"ನಗಬೇಡ ಡೆಲ್ಮರ್. ನಿನ್ನ ಸೈಕಲ್ ಚೈನ್ ಎಷ್ಟು ಸಲ ಹಾಕಿಕೊಟ್ಟಿದಾನೆ ಲೆನ್ನಿ," ಅಂದಳು ಮಾರ್ಜೀನ್.

ಡೆಲ್ಮರ್ ತಲೆ ತಗ್ಗಿಸಿದ.

ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಊರಿನ ಗಂಡಸರ ಕೈಗಳಿಗೆ ಉಳಿದದ್ದು ಇದೊಂದೇ. ಯುದ್ಧಕಾಲದ ಮೆಷಿನ್ ಗನ್ನುಗಳ ಪುಟ್ಟ ಪ್ರತಿರೂಪಗಳನ್ನು ಅವರು ಕಟ್ಟುತ್ತಿದ್ದರು. ಅಳಿಲು ಹೊಡೆಯುವ ಪಾಯಿಂಟ್ ಟೂಟೂ ಅಳತೆಯ ಸಣ್ಣ ಗುಂಡುಗಳನ್ನೇ ಅವಕ್ಕೆ ಹಾಕುವುದು. ಬಂದೂಕಿನ ಅಳತೆಗೇ ಗುಂಡಿನ ಪೆಟ್ಟಿಗೆ, ನಳಿಗೆ ತಂಪಾಗಿಸುವ ನೀರಿನ ಡಬ್ಬಿ, ಮುಕ್ಕಾಲಿ ಎಲ್ಲ ಆಗಬೇಕು. ಮುಕ್ಕಾಲಿಯೆಂದರೆ ಲೆನರ್ಡ್ ಹುಡಾಕನದೇ ಎಂದು ಸುತ್ತಲಿನ ಮೂರು ಕೌಂಟಿಗಳಲ್ಲಿ ಮಾತಿತ್ತು. ಮುಂದಿನ ಭಾನುವಾರ ಈ ಬಂದೂಕು ಕಟ್ಟುವವರ ಕ್ಲಬ್ಬಿನವರು ಅವನ ನೆನಪಿಗೆ ಮೈದಾನದಲ್ಲಿ ಸೇರುವವರಿದ್ದರು.

"ಭಾನುವಾರ ಆ ಮುಕ್ಕಾಲೀನ ಅಲ್ಲಿ ಮೇಜಿನ ಮೇಲಿಡ್ತೀನಿ ಅಂತ ಒಪ್ಪಿದ್ದೆ," ಅಂದಳು ಮಾರ್ಜೀನ್. "ಅವನ ಕೈ ಮಾಡಿದ ಕೊನೇ ವಸ್ತು. ನನಗೆ ಅದು ಇದ್ದ ಹಾಗೇ ವಾಪಸ್ ಬೇಕು."

"ಇದ್ದ ಹಾಗೇ ಅಂದ್ರೆ?"

"ಇದ್ದ ಹಾಗೇ," ಅಂದಳಷ್ಟೆ.

ಪ್ರಥಮ ವರ್ತಮಾನ ವರದಿ ದಾಖಲಾಯಿತು. ಮೂರೂವರೆಗೆ ಲೋರ್ನಾ, ಡೆಲ್ಮರ್ ಇಬ್ಬರೂ ಮಾರ್ಜೀನ್ ಜೊತೆ ಅವಳ ಮನೆಗೆ ಸ್ಥಳ ಮಹಜರಿಗೆ ಹೋದರು. ಹಿಂಬಾಗಿಲ ಬೀಗ ಒಡೆದಿರಲಿಲ್ಲ. ಕೀಲಿಕೈ ಬಾಗಿಲ ಪಕ್ಕದ ತಗಡಿನ ಕೆಳಗಿನ ತನ್ನ ಜಾಗದಲ್ಲೇ ಇತ್ತು. ಕೋಣೆಯಲ್ಲಿ ಒಂದು ಉಪಕರಣವೂ ಅಲುಗಿರಲಿಲ್ಲ. ಮಡಚಿದ ಟವಲಿನ ಮೇಲೆ, ಗೋಡೆಯ ಕಡೆಗೆ ಬಾಯಿ ಮಾಡಿಕೊಂಡು ಬಂದೂಕು ಮಲಗಿತ್ತು. ಗುಂಡನ್ನು ಒಳಗೆ ತಳ್ಳುವ ಅದರ ಬೋಲ್ಟನ್ನು ಹಿಂದಕ್ಕೆ ಎಳೆದಿದ್ದರು. ಗುಂಡು ಕೂರುವ ಜಾಗದಿಂದ ಬೆರಳುದ್ದದ ಹಸಿರು ನೈಲಾನ್ ದಾರವೊಂದು ಹೊರಗೆ ಚಾಚಿಕೊಂಡಿತ್ತು.

"ಇದು ಮೊದಲೇ ಇತ್ತಾ?"

"ನಿನ್ನೆ ಧೂಳು ಒರೆಸಿದೀನಿ. ಇರಲಿಲ್ಲ."

ಲೋರ್ನಾ ಅಲ್ಲಿ ಬಹಳ ಹೊತ್ತು ನಿಂತಳು. ಅವಸರದಲ್ಲಿರುವ ಕಳ್ಳ ಟವಲು ಹಾಸುವುದಿಲ್ಲ. ಇಲ್ಲಿಗೆ ಬಂದವನಿಗೆ ಈ ಕೋಣೆಯ ಮೇಲೆ ಗೌರವವಿತ್ತು. ಅದು ಅವಳಿಗೆ ಸಮಾಧಾನ ತರಲಿಲ್ಲ. ಅಪರಿಚಿತನನ್ನು ಹಿಡಿಯುವುದು ಸುಲಭ, ಆಮೇಲೆ ಅವನ ಮುಖ ನೋಡಬೇಕಾಗಿಲ್ಲ.

ಬುಧವಾರ ಸಂಜೆ ದಾರವನ್ನು ಲಕೋಟೆಯಲ್ಲಿಟ್ಟುಕೊಂಡು ಕ್ಲಬ್ಬಿಗೆ ಹೋದಳು. ಕಾರ್ಯದರ್ಶಿ ರೇ ಡಂಬ್ರೋಸ್ಕಿ ಬಾಗಿಲಲ್ಲೇ ಸಿಕ್ಕಿದ.

"ಬಂದೂಕಲ್ಲಿ ಗುಂಡು ಕೂರೋ ಜಾಗಕ್ಕೆ ದಾರ ಯಾಕೆ ಸಿಕ್ಕಿಸ್ತಾರೆ?"

"ಒಳಗೆ ಗುಂಡಿಲ್ಲ ಅಂತ ತೋರಿಸೋಕೆ. ಬೋಲ್ಟ್ ಎಳೆದು, ದಾರ ಸಿಕ್ಕಿಸಿ, ಆಮೇಲೇ ಬಂದೂಕು ಕೆಳಗಿಡಬೇಕು. ಮರೆತವನು ಎಲ್ಲರಿಗೂ ಬಿಯರ್ ಕೊಡಿಸ್ಬೇಕು. ನಾನು ಪೊರಕೆ ಕೆಳಗಿಡೋವಾಗ್ಲೂ ಜೇಬಲ್ಲಿ ದಾರ ಹುಡುಕ್ತೀನಿ ಅಂತ ನನ್ನ ಹೆಂಡ್ತಿ ಊರೆಲ್ಲ ಹೇಳ್ಕೊಂಡ್ ಬರ್ತಾಳೆ."

"ಎಂಥ ದಾರ?"

"ಹುಲ್ಲು ಕತ್ತರಿಸೋ ಯಂತ್ರದ್ದು. ಎಲ್ಲರದೂ ಕಿತ್ತಳೆ ಬಣ್ಣ, ಇಲ್ಲಿ ಅಂಗಡೀಲಿ ಸಿಗೋದೇ ಅದು."

ಲೋರ್ನಾ ಲಕೋಟೆ ತೆರೆದು ತೋರಿಸಿದಳು. ರೇ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು.

"ಹಸಿರು, ಇಷ್ಟು ದಪ್ಪದ್ದು ಸ್ಮಶಾನದಲ್ಲಿ ಬಳಸ್ತಾರೆ," ಅಂದ. "ಅಲ್ಲಿ ಹುಲ್ಲು ಕತ್ತರಿಸೋನು ಎಮಿಲ್ ಸಬೋಲ್. ಆದ್ರೆ ಸಾರ್ಜೆಂಟ್, ಲೆನ್ನಿ ಶವಪೆಟ್ಟಿಗೆಗೆ ಹೆಗಲು ಕೊಟ್ಟೋರಲ್ಲಿ ಮುಂದೆ ನಿಂತಿದ್ದೇ ಅವನು."

ಗುರುವಾರ ಬೆಳಿಗ್ಗೆ ಲೋರ್ನಾ, ಡೆಲ್ಮರ್ ಶೋಧನಾ ವಾರಂಟ್ ಹಿಡಿದು ಹೋದಾಗ ಎಮಿಲ್ ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದ. ಎಪ್ಪತ್ತು ದಾಟಿದ, ಕತ್ತು ಬಾಗಿದ ಮನುಷ್ಯ. ಮುಕ್ಕಾಲಿಯ ಕಾಲುಗಳು ಬೆಂಚಿನ ಮೇಲಿದ್ದವು. ಬಂದೂಕನ್ನು ಎಡಬಲಕ್ಕೆ ತಿರುಗಿಸುವ ಅಡ್ಡಪಟ್ಟಿ, ಬೆಂಚಿಗೆ ಬಿಗಿದ ವೈಸ್ ಹಿಡಿಕೆಯ ಬಾಯಲ್ಲಿತ್ತು. ಅವನು ಉಜ್ಜುತ್ತಿದ್ದ ಅರವನ್ನು ಪಕ್ಕಕ್ಕಿಟ್ಟ.

"ಕಾಫಿ ಕುಡಿತೀಯಾ ಮಗಳೇ?"

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಲೆನ್ನಿ ಕೋಣೇಲಿ."

"ಮಾರ್ಜೀನ್‌ಗೆ ಗೊತ್ತಿತ್ತಾ?"

"ಇಲ್ಲ. ಅವಳು ಪಿರೋಗಿಗೆ ಹೋಗೋದನ್ನೇ ಕಾದೆ."

"ಬಂದೂಕಲ್ಲಿ ದಾರ ಬಿಟ್ಟು ಬಂದಿದೀರಿ."

ಎಮಿಲ್ ಜೇಬು ಮುಟ್ಟಿಕೊಂಡ. "ಹೌದಾ? ನೆನಪಿಲ್ಲ. ದಾರ ಇಲ್ದೆ ಇನ್ಹೇಗೆ ಕೆಳಗಿಡ್ತಾರೆ?" ಅಂದ. ತನ್ನಿಂದ ಯಾವ ತಪ್ಪಾಯಿತೆಂದು ಅವನಿಗೆ ನಿಜಕ್ಕೂ ಹೊಳೆದಿರಲಿಲ್ಲ.

"ಯಾಕೆ ತಂದ್ರಿ?"

ಅವನು ಅಡ್ಡಪಟ್ಟಿಯನ್ನು ಬಿಚ್ಚಿ ಅವಳ ಕೈಗಿಟ್ಟ. ಅದರ ಮೇಲೆ ಗೆರೆಗಳು, ಗೆರೆಗಳ ಕೆಳಗೆ ಅಚ್ಚೊತ್ತಿದ ಅಂಕಿಗಳು. ನಡುವಿನ ಸೊನ್ನೆಯಿಂದ ಎರಡೂ ಕಡೆಗೆ ನೂರು, ಇನ್ನೂರು, ಮುನ್ನೂರು, ನಾನೂರು. ಎಲ್ಲ ಹೊಸದಾಗಿ ಹೊಳೆಯುತ್ತಿದ್ದವು.

"ಸರಿಯಾಗಿದೆಯಲ್ಲ," ಅಂದಳು ಲೋರ್ನಾ.

"ಈಗ ಸರಿಯಾಗಿದೆ. ಲೆನ್ನಿ ಮುನ್ನೂರು ಆದ್ಮೇಲೆ ಮತ್ತೆ ಮುನ್ನೂರು ಹೊಡೆದಿದ್ದ. ಅದಾದ್ಮೇಲೂ ಮುನ್ನೂರು. ಪಟ್ಟಿ ತುದಿವರೆಗೂ ಅದೇ. ಒಂದು ಕಾಲು ಗಿಡ್ಡ. ತಿಥಿ ಊಟದ ದಿನ ಕೆಳಗಿಳಿದು ನೋಡಿದೆ. ಭಾನುವಾರ ಅದನ್ನ ಮೇಜಿನ ಮೇಲಿಟ್ರೆ ಎಲ್ಲರೂ ಬಗ್ಗಿ ಬಗ್ಗಿ ನೋಡ್ತಾರೆ. ಲೆನ್ನಿ ಹುಡಾಕ್‌ಗೆ ಕೊನೆಗೆ ಎಣಿಸೋಕೂ ಬರ್ತಿರಲಿಲ್ಲ ಅಂತಾರೆ. ಶನಿವಾರ ರಾತ್ರಿಯೊಳಗೆ ಸರಿಮಾಡಿ ಅಲ್ಲೇ ಇಟ್ಟುಬರೋಣ ಅಂತ."

"ಅವಳನ್ನ ಕೇಳಬಹುದಿತ್ತು."

ಎಮಿಲ್ ಬಾಗಿಲಾಚೆ ನೋಡುತ್ತ ಕೂತ.

"ಹೋದ ವರ್ಷ ಮೈದಾನದಲ್ಲಿ," ಅಂದ ಎಮಿಲ್, "ಗುಂಡಿನ ಪಟ್ಟಿ ಯಾವ ಕಡೆಯಿಂದ ಹಾಕೋದು ಎಮಿಲ್ ಅಂತ ಲೆನ್ನಿ ಕೇಳಿದ. ನಂಗೆ ಕಲಿಸಿದೋನೇ ಅವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನೂ ನಕ್ಕ. ಆದ್ರೆ ಅವನ ಕಣ್ಣು ನೋಡಿದೆ. ಅವತ್ತಿಂದ ಅವನ ಮನೆಗೆ ಹೋಗೋಕೆ ಆಗಲಿಲ್ಲ. ಮಾರ್ಜೀನ್ ಫೋನ್ ಮಾಡಿದಾಗೆಲ್ಲ ಸ್ಮಶಾನದಲ್ಲಿ ಕೆಲಸ ಇದೆ ಅಂದೆ. ಯಾವ ಮುಖ ಇಟ್ಕೊಂಡು ಕೇಳಲಿ?"

ಮುಕ್ಕಾಲಿಯನ್ನು ಜಪ್ತಿ ಮಾಡಿ ಠಾಣೆಗೆ ತಂದರು. ಗುರುತಿಸಲು ಮಾರ್ಜೀನಳನ್ನು ಕರೆಸಿದರು. ಎಮಿಲ್ ಗೋಡೆಯ ಪಕ್ಕದ ಬೆಂಚಿನಲ್ಲಿದ್ದ. ಅವಳು ಅವನ ಕಡೆ ನೋಡಲಿಲ್ಲ. ಅಡ್ಡಪಟ್ಟಿಯ ಮೇಲೆ ಬೆರಳಾಡಿಸಿದಳು. ತುದಿಗೆ ಬಂದ ಬೆರಳು ಮತ್ತೆ ಮೊದಲಿಗೆ ಹೋಯಿತು.

"ಇದಲ್ಲ," ಅಂದಳು.

"ಅದೇ ಮಾರ್ಜೀನ್," ಅಂದ ಎಮಿಲ್. "ತಪ್ಪುಗಳನ್ನ ಉಜ್ಜಿ ತೆಗೆದೆ, ಅಷ್ಟೇ. ಯಾರೂ ನೋಡಬಾರದು ಅಂತ."

"ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ?"

ಅವಳು ಪಟ್ಟಿಯ ಮೇಲಿಂದ ಬೆರಳು ತೆಗೆದಳು.

"ದಿನಾ ಊಟ ಆದ್ಮೇಲೆ ಕೆಳಗಿಳೀತಿದ್ದ. ಒಂದು ಅಂಕಿ ಹೊಡೆದು, ಮಾರ್ಜೀನ್, ಮುನ್ನೂರು ಆಯ್ತು, ಬಂದು ನೋಡು ಅಂತ ಕೂಗ್ತಿದ್ದ. ನಾನು ಹೋಗಿ, ಚೆನ್ನಾಗಿದೆ ಲೆನ್ನಿ ಅಂತಿದ್ದೆ. ಅವನಿಗೆ ಎಷ್ಟು ಖುಷಿ. ಮರುದಿನ ಮತ್ತೆ ಕೂಗ್ತಿದ್ದ." ಅವಳ ದನಿ ಏರಲಿಲ್ಲ. "ಒಂದೊಂದು ಮುನ್ನೂರೂ ಒಂದೊಂದು ಸಾಯಂಕಾಲ ಎಮಿಲ್. ಕೊನೇ ತಿಂಗಳು ನನ್ನ ಹೆಸರೇ ಮರೆತುಹೋಯ್ತು ಅವನಿಗೆ. ಆ ಪಟ್ಟಿಯಲ್ಲಿ ಇದ್ದದ್ದು ಮಾತ್ರ ನನ್ನ ಹತ್ರ ಉಳಿದಿತ್ತು."

ಲೋರ್ನಾ ಕಾಗದಗಳನ್ನು ಮುಂದಿಟ್ಟಳು. ಬೇಕಾದರೆ ದೂರು ಹಿಂತೆಗೆದುಕೊಳ್ಳಬಹುದು ಎಂದು ಹೇಳುವುದು ಅವಳ ಕರ್ತವ್ಯವಾಗಿತ್ತು; ಹೇಳಿದಳು. ಮಾರ್ಜೀನ್ ಪೆನ್ನು ತೆಗೆದುಕೊಂಡು ದೂರು ಮುಂದುವರಿಸುವ ಕಡೆ ಸಹಿ ಹಾಕಿದಳು.

"ಇವನು ಜೈಲಿಗೆ ಹೋಗಲಿ ಅಂತಲ್ಲ," ಅಂದಳು. "ಏನೂ ಕಳೆದಿಲ್ಲ ಅಂತ ನನ್ನ ಕೈಯಲ್ಲಿ ಬರೆಸಬೇಡಿ."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅಕ್ರಮ ಪ್ರವೇಶ ಮತ್ತು ಕಳವಿನ ಆರೋಪದ ಮೇಲೆ ಎಮಿಲ್ ಸಬೋಲನನ್ನು ಬಂಧಿಸಲಾಯಿತು. ಲೋರ್ನಾ ಅವನ ಹಕ್ಕುಗಳನ್ನು ಓದಿ ಹೇಳುವಾಗ ಅವನು ಪ್ರಾರ್ಥನೆಗೆ ನಿಂತವನಂತೆ ನಿಂತಿದ್ದ. ಹೇಳಿಕೆಯ ಕೊನೆಯಲ್ಲಿ 'ಉದ್ದೇಶ' ಎಂಬ ಕಡೆ ಅವಳು ಮೊದಲು 'ಗೆಳೆಯನ ಹೆಸರು ಉಳಿಸಲು' ಎಂದು ಬರೆದಳು. ಅದು ಸುಳ್ಳಾಗಿರಲಿಲ್ಲ. ಆದರೂ ಹೊಡೆದುಹಾಕಿ, 'ಬದುಕಿದ್ದಾಗ ನೋಡಲು ಹೋಗಲಾಗದ ಕಾರಣ' ಎಂದು ತಿದ್ದಿದಳು.

"ಉಜ್ಜಿದ ಪುಡಿ ಅಲ್ಲೇ ಇದೆ," ಅಂದ ಎಮಿಲ್, ಡೆಲ್ಮರ್ ಒಳಗೆ ಕರೆದೊಯ್ಯುವಾಗ. "ಹಿಡಿಕೆ ಕೆಳಗೆ. ಗುಡಿಸಿಲ್ಲ."

ಆ ಮುನ್ನೂರುಗಳ ಪುಡಿಯನ್ನಾದರೂ ಮಾರ್ಜೀನ್‌ಗೆ ತಂದುಕೊಡೋಣವೆಂದು, ಕತ್ತಲಾಗುವ ಮುನ್ನ ಲೋರ್ನಾ ಒಬ್ಬಳೇ ಎಮಿಲನ ಗ್ಯಾರೇಜಿಗೆ ಹೋದಳು. ಹಿಡಿಕೆಯ ಕೆಳಗೆ ಮೊಣಕಾಲೂರಿ ಟಾರ್ಚು ಹಾಯಿಸಿದಳು. ಉಕ್ಕಿನ ಪುಡಿ ಬೇಕಾದಷ್ಟಿತ್ತು. ನೆಲದ ಸಂದುಗಳಲ್ಲಿ, ಬೆಂಚಿನ ಕಾಲುಗಳ ಸುತ್ತ, ಎಷ್ಟೋ ವರ್ಷಗಳ ಕೆಲಸದ ಪುಡಿ, ಒಂದರ ಮೇಲೊಂದು. ಈ ವಾರ ಬಿದ್ದದ್ದು ಯಾವುದು, ಎಂದೋ ಬಿದ್ದದ್ದು ಯಾವುದು ಎಂದು ತಿಳಿಯುವಂತಿರಲಿಲ್ಲ. ಅವಳು ಖಾಲಿ ಲಕೋಟೆಯನ್ನು ಹಿಡಿದು ಅಲ್ಲಿಯೇ ಕೂತಿದ್ದಳು.